ಬಾಗಿಲ ಸಂದಿಯ ಬೆಕ್ಕು

ಬುಗುರಿಯ ಕೈ ಮೊಣಕೈವರೆಗೂ ರಸ್ಕಿನ ಡಬ್ಬಿಯೊಳಗೆ ಹೋಗಿತ್ತು.

ದೊಡ್ಡ ತಗಡಿನ ಡಬ್ಬಿ ಅದು. ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಒಳಗೆ ರಸ್ಕ್ ಇರಲಿಲ್ಲ, ಬರೀ ಕಾಗದ. ಬುಗುರಿ ಒಂದು ಹಾಳೆ ಎಳೆದು ಬಿಚ್ಚಿ ನೋಡಿದಳು. ತನ್ನದಲ್ಲ. ಇನ್ನೊಂದು ಎಳೆದಳು. ಅದೂ ಅಲ್ಲ. ಎಲ್ಲ ಹಾಳೆಗಳೂ ಒಂದೇ ಅಳತೆ, ಒಂದೇ ಥರದ ಮಡಿಕೆ. ಹಾಗೇ ಮಡಿಚಬೇಕು ಅಂತ ರೂಲು. ಯಾವ ಪುಣ್ಯಾತ್ಮರು ಮಾಡಿದರೋ ಆ ರೂಲು!

ಯಾರು ಮಾಡಿದ್ದು ಅಂತ ಬುಗುರಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಮ್ಮನೇ.

ಹೊರಗೆ ಮೈದಾನದಲ್ಲಿ ಪ್ರೇಯರ್ ನಡೆಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬುಗುರಿ ಕುರ್ಚಿ ಹತ್ತಿ, ಬೀರುವಿನ ಮೇಲಿದ್ದ ಡಬ್ಬಿಗೆ ಕೈ ಹಾಕಿ ನಿಂತಿದ್ದಳು. ಹೊಟ್ಟೆನೋವು ಅಂತ ಸುಳ್ಳು ಹೇಳಿ ಲೈನಿನಿಂದ ತಪ್ಪಿಸಿಕೊಂಡು ಬಂದಿದ್ದಳು. 

ಸಿಕ್ಕಷ್ಟು ಸಿಗಲಿ ಎಂದು ಒಂದು ಹಿಡಿ ಬಾಚಿಕೊಂಡು ಕೈ ಎಳೆದಳು. ಬರಲಿಲ್ಲ. ಇನ್ನೂ ಜೋರಾಗಿ ಎಳೆದಳು. ಡಬ್ಬಿಯೇ ಜರುಗಿತು, ಕೈ ಮಾತ್ರ ಬರಲಿಲ್ಲ.

"ಏನಮ್ಮಾ, ರಸ್ಕ್ ಸಿಕ್ತಾ?"

ಬುಗುರಿಯ ಜೀವ ಬಾಯಿಗೆ ಬಂತು. ಬಾಗಿಲಲ್ಲಿ ಅಟೆಂಡರ್ ಅಣ್ಣ ನಿಂತಿದ್ದ. ಎರಡೂ ಕೈಯಲ್ಲಿ ಒಂದು ಕುರ್ಚಿ ಎತ್ತಿಕೊಂಡಿದ್ದ.

"ಅಣ್ಣಾ... ಕೈ ಸಿಕ್ಕಾಕೊಂಡಿದೆ."

"ಮುಷ್ಟಿ ಬಿಡು. ಬರುತ್ತೆ."

"ಬಿಟ್ರೆ ಹಾಳೆ ಬಿದ್ದೋಗುತ್ತೆ!"

"ಬಿಡದಿದ್ರೆ ಡಬ್ಬಿ ಹಾಕ್ಕೊಂಡೇ ಕ್ಲಾಸಿಗೆ ಹೋಗ್ಬೇಕಾಗುತ್ತೆ."

ಬುಗುರಿ ಮುಷ್ಟಿ ಬಿಟ್ಟಳು. ಹಾಳೆಗಳು ಬುಳುಬುಳು ಒಳಗೆ ಬಿದ್ದವು. ಕೈ ಹೊರಗೆ ಬಂತು. ಮಣಿಕಟ್ಟಿನ ಸುತ್ತ ಕೆಂಪು ಗೆರೆ ಎದ್ದಿತ್ತು.

"ಅಮ್ಮನ ಹತ್ರ ಹೇಳ್ಬೇಡಿ ಅಣ್ಣಾ. ಪ್ಲೀಸ್."

"ನಂಗ್ಯಾಕಮ್ಮಾ ತಾಯಿ ಮಗಳ ಮಧ್ಯದ ಉಸಾಬರಿ? ಇಳಿ ಬೇಗ. ಈ ಕುರ್ಚಿ ನಿಮ್ಮ ಕ್ಲಾಸಿನ ಹಿಂದೆ ಹಾಕ್ಬೇಕು. ಹೆಡ್ ಮೇಡಂ ಬಂದು ಕೂರ್ತಾರಂತೆ."

ಅದು ಬುಗುರಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಗೊತ್ತಾಗಿದ್ದಕ್ಕೇ ಅವಳು ಸ್ಟಾಫ್ ರೂಮಿನ ಕುರ್ಚಿ ಹತ್ತಿದ್ದು.

ಈಗ ಆ ಡಬ್ಬಿಯ ಕತೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬುಗುರಿಯ ಫಜೀತಿ ನಿಮಗೆ ಅರ್ಥವಾಗುವುದಿಲ್ಲ.

ಬುಗುರಿ ಅಂದರೆ ಅವಳ ನಿಜವಾದ ಹೆಸರಲ್ಲ. ಕೂತಲ್ಲಿ ಕೂರದೆ ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುತ್ತಿದ್ದಳೆಂದು ಮನೆಯಲ್ಲಿ ಇಟ್ಟ ಹೆಸರು. ಅದು ಹೇಗೋ ಶಾಲೆಗೂ ಬಂದು, ಎಂಟನೇ ಕ್ಲಾಸಿನ ತನಕ ಬೆನ್ನಿಗೆ ಅಂಟಿಕೊಂಡಿತ್ತು.

ಅವಳ ಅಪ್ಪ ಬೇಕರಿಯಲ್ಲಿ ಬ್ರೆಡ್ ಸುಡುತ್ತಿದ್ದ. ಅಮ್ಮ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದಳು, ಅಂದರೆ ಪುಸ್ತಕ ಅಚ್ಚಾಗುವ ಮೊದಲು ತಪ್ಪು ಹುಡುಕಿ ತಿದ್ದುವ ಕೆಲಸ. ಬಿಡುವಿನಲ್ಲಿ ಮಕ್ಕಳ ಕತೆಗಳನ್ನೂ ಬರೆಯುತ್ತಿದ್ದಳು. ಪ್ರೆಸ್ಸು ಮುಚ್ಚಿಹೋಯಿತು. ಅಮ್ಮ ಕೆಲವು ತಿಂಗಳು ಮನೆಯಲ್ಲಿ ಮಂಕು ಬಡಿದವಳ ಹಾಗೆ ಕೂತಿದ್ದಳು. ಆಗ ಶಾಲೆಯ ಹೆಡ್ ಮೇಡಂ ಕರೆಸಿ ಕೇಳಿದರು: "ಎಂಟನೇ ಕ್ಲಾಸಿಗೆ ಕತೆ ಬರೆಯೋದು ಹೇಳಿಕೊಡ್ತೀರಾ? ಪರೀಕ್ಷೆ ತನಕ ನೋಡೋಣ. ಒಂದು ದಿನ ನಾನೇ ಬಂದು ಹಿಂದೆ ಕೂರ್ತೀನಿ. ಸರಿ ಅನ್ನಿಸಿದ್ರೆ ಕೆಲಸ ಗಟ್ಟಿ. ಇಲ್ಲಾಂದ್ರೆ ಆ ಪೀರಿಯಡ್ ಗಣಿತಕ್ಕೆ ಹೋಗುತ್ತೆ."

ಗಣಿತದ ಸರ್ ಆ ಪೀರಿಯಡ್ಡಿನ ಮೇಲೆ ಮೊದಲಿನಿಂದಲೂ ಒಂದು ಕಣ್ಣಿಟ್ಟೇ ಇದ್ದರು.

ಅಮ್ಮ ಅಪ್ಪನ ಬೇಕರಿಯಿಂದ ಹಳೇ ರಸ್ಕ್ ಡಬ್ಬಿ ತಂದು ಕ್ಲಾಸಿನ ಟೇಬಲ್ ಮೇಲೆ ಇಟ್ಟಳು. "ನಿಜವಾಗಿ ನಡೆದಿದ್ದು ಏನಾದ್ರೂ ಬರೀರಿ. ಅದ್ರಲ್ಲಿ ಒಂದನ್ನ ಮಾತ್ರ ಬದಲಾಯಿಸಿ. ಒಂದು ಬದಲಾದ್ರೆ ಸಾಕು, ಅದು ಕತೆ ಆಗುತ್ತೆ," ಅಂದಳು. ಹೆಸರು ಬರೆಯುವ ಹಾಗಿಲ್ಲ. ಬರೆದು, ಮಡಿಚಿ, ಡಬ್ಬಿಗೆ ಹಾಕಬೇಕು. ಡಬ್ಬಿಗೆ ಬಿದ್ದ ಹಾಳೆ ವಾಪಸ್ ಇಲ್ಲ. ಶುಕ್ರವಾರ ಅಮ್ಮ ಕಣ್ಣು ಮುಚ್ಚಿ ಒಂದನ್ನು ಎತ್ತಿ, ಅಲ್ಲೇ, ಮೊದಲ ಸಲ ಓದಬೇಕು. ಯಾರು ಬರೆದದ್ದು ಅಂತ ಯಾರೂ ಕೇಳಬಾರದು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನಲೂಬಾರದು. "ಏನು ಕಂಡಿತು?" ಅಂತ ಅಮ್ಮ ಕೇಳಿದಾಗ, ಕೇಳುವಾಗ ಕಣ್ಣ ಮುಂದೆ ಏನು ಬಂತೋ ಅದನ್ನಷ್ಟೇ ಹೇಳಬೇಕು.

ಮಕ್ಕಳಿಗೆ ಆ ಡಬ್ಬಿ ಅಂದರೆ ಪ್ರಾಣವಾಯಿತು. ಬುಗುರಿಗೂ ಅಷ್ಟೇ. ಕಳೆದ ವಾರದವರೆಗೆ.

ಕಳೆದ ವಾರ ಅಮ್ಮ, "ಒಂದನ್ನ ಬದಲಾಯಿಸೋದು ಅಂದ್ರೆ ಹೇಗೆ ಅಂತ ನಾನೇ ಒಂದು ಬರೆದು ತಂದಿದ್ದೀನಿ, ಕೇಳಿ," ಎಂದು ಒಂದು ಕತೆ ಓದಿದಳು. ಒಬ್ಬ ಹುಡುಗನಿಗೆ ಟಾಯ್ಲೆಟ್ಟಿನ ಫ್ಲಶ್ ಸದ್ದು ಕೇಳಿದರೆ ಭಯ. ದೊಡ್ಡವನಾದರೂ ಭಯ. ಬಾಗಿಲು ತೆರೆದಿಟ್ಟುಕೊಂಡು, ಒಂದು ಕಾಲು ಹೊರಗಿಟ್ಟು, ಕೈ ಚಾಚಿ ಬಟನ್ ಒತ್ತಿ, ಹಾರಿ ಓಡಿಬಿಡುತ್ತಾನೆ.

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಬುಗುರಿಯ ಕಿವಿ ಕಾದ ಕಾವಲಿಯ ಹಾಗೆ ಬಿಸಿಯಾಯಿತು. ಆ ಹುಡುಗ ಹುಡುಗನಲ್ಲ, ಅವಳೇ.

ಅಮ್ಮ ಹುಡುಗಿಯನ್ನು ಹುಡುಗ ಮಾಡಿದ್ದಳು, ಅಷ್ಟೇ. ಯಾರಿಗೂ ಗೊತ್ತಾಗುತ್ತಿರಲಿಲ್ಲವೋ ಏನೋ. ಆದರೆ ಲೌಡ್‌ಸ್ಪೀಕರ್ ಬಿಡಬೇಕಲ್ಲ! ಮೂರನೇ ಬೆಂಚಿನ ಆ ಹುಡುಗಿಗೆ ಸುಮ್ಮನೆ ಆ ಹೆಸರು ಬಂದಿರಲಿಲ್ಲ. ಪೀರಿಯಡ್ ಮುಗಿದು ಅಮ್ಮ ಹೊರಗೆ ಹೋದದ್ದೇ ತಡ, ಅವಳು ಬೆಂಚಿನ ಮೇಲೆ ಎದ್ದು ನಿಂತಳು.

"ಲೇ, ಅದು ಹುಡುಗ ಅಲ್ಲ ಕಣ್ರೇ! ನಮ್ಮ ಬುಗುರಿ! ಸ್ಕೂಲ್ ಬಾತ್‌ರೂಮಿಂದ ಹಿಂಗೇ ಹಾರ್ಕೊಂಡು ಓಡಿ ಬರ್ತಾಳೆ, ನಾನೇ ನೋಡಿದ್ದೀನಿ!"

ಅಂದಿನಿಂದ ಬುಗುರಿ ಎಲ್ಲಿ ಹೋದರೂ ಹಿಂದಿನಿಂದ "ಜ್ವಾಂಯ್..." ಅಂತ ಫ್ಲಶ್ ಸದ್ದು. ನೀರು ಕುಡಿಯಲು ಹೋದರೂ ಜ್ವಾಂಯ್. ಬೋರ್ಡಿನ ಹತ್ತಿರ ಹೋದರೂ ಜ್ವಾಂಯ್. ಪಕ್ಕದಲ್ಲಿ ಕೂರುವ ಗೆಳತಿ ಸೋಡಾಬುಡ್ಡಿ ಒಬ್ಬಳೇ ಹಾಗೆ ಮಾಡಲಿಲ್ಲ. ಆದರೆ ಒಂದು ಸಲ ಅವಳ ತುಟಿಯೂ ನಗು ತಡೆಯಲಾರದೆ ಅದುರಿದ್ದನ್ನು ಬುಗುರಿ ನೋಡಿಬಿಟ್ಟಳು.

ಕತೆ ಓದಿದ ದಿನವೇ ಸಂಜೆ ಮನೆಗೆ ಹೋದವಳೇ ಬ್ಯಾಗ್ ಎಸೆದಳು. "ನನ್ನ ಮಾನ ಹರಾಜ್ ಹಾಕಿದ್ಯಲ್ಲಮ್ಮಾ!"

"ಅಯ್ಯೋ, ಹುಡುಗ ಅಂತ ಬದಲಾಯಿಸಿದ್ದೆನಲ್ಲೇ," ಅಂದಳು ಅಮ್ಮ. ಅವಳ ಮುಖವೂ ಸಪ್ಪಗಾಗಿತ್ತು. "ಕತೆ ಕಣೇ ಅದು. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ."

"ಎಲ್ರಿಗೂ ಗೊತ್ತಾಯ್ತು!"

ಆ ಸಿಟ್ಟಿನಲ್ಲಿ ಬುಗುರಿ ಬುಧವಾರ ಒಂದು ಹಾಳೆ ಬರೆದಳು. ಹಸಿರು ಪೆನ್ನಿನಲ್ಲಿ, ಕಾಗದ ತೂತಾಗುವ ಹಾಗೆ ಒತ್ತಿ ಒತ್ತಿ. ಅಮ್ಮನ ಬಗ್ಗೆ. ಅಮ್ಮ ಯಾರಿಗೂ ತೋರಿಸದೆ ಮುಚ್ಚಿಟ್ಟುಕೊಂಡದ್ದರ ಬಗ್ಗೆ. ಎಲ್ಲ ನಿಜ. ಒಂದನ್ನೂ ಬದಲಾಯಿಸಲಿಲ್ಲ. ಬೇಕೆಂದೇ ಬದಲಾಯಿಸಲಿಲ್ಲ. ಮಡಿಚಿ ಡಬ್ಬಿಗೆ ಹಾಕಿದಾಗ ಎದೆ ಹಗುರವಾದಂತೆ ಅನ್ನಿಸಿತು. ಓದಲಿ. ಎಲ್ಲರ ಮುಂದೆ ಓದಲಿ. ಆಗ ತಿಳಿಯುತ್ತದೆ.

ಇವತ್ತು ಬೆಳಿಗ್ಗೆ ಅಪ್ಪ ಬೇಕರಿಗೆ ಹೋಗಿಯಾಗಿತ್ತು. ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. ಕುಡಿಯುತ್ತಿರಲಿಲ್ಲ. ಸ್ವೆಟರಿನ ಗುಂಡಿಗಳನ್ನು ಒಂದು ಕೆಳಗೆ ಒಂದು ಮೇಲೆ ಮಾಡಿ ಹಾಕಿಕೊಂಡಿದ್ದಳು.

"ಹೆಡ್ ಮೇಡಂ ಇವತ್ತೇ ಬರ್ತಾರಂತೆ ಕಣೇ," ಅಂದಳು. ನಗಲು ನೋಡಿದಳು. ಆಗಲಿಲ್ಲ. "ಇವತ್ತೊಂದು ದಿನ ಚೆನ್ನಾಗಿ ಆಗ್ಬಿಟ್ರೆ ಸಾಕು."

ಬುಗುರಿಯ ಸಿಟ್ಟೆಲ್ಲ ಎಲ್ಲಿ ಹೋಯಿತೋ! 

"ಅಮ್ಮಾ, ಇವತ್ತು ಡಬ್ಬಿ ಬೇಡ. ಬೇರೆ ಏನಾದ್ರೂ ಮಾಡು."

"ಅವ್ರು ನೋಡೋಕೆ ಬರ್ತಿರೋದೇ ಡಬ್ಬೀನ. ಯಾಕೆ, ಏನಾಯ್ತು?"

ಹೇಳಬೇಕಿತ್ತು. ಅಲ್ಲೇ, ಆಗಲೇ ಹೇಳಿಬಿಡಬೇಕಿತ್ತು. ಬುಗುರಿ ಬಾಯಿ ತೆರೆದಳು. ಅಮ್ಮ ಒಂದು ಕೈಯಲ್ಲಿ ಗುಂಡಿ ಬಿಚ್ಚಿ ಮತ್ತೆ ತಪ್ಪಾಗಿಯೇ ಹಾಕಿಕೊಳ್ಳುತ್ತಿದ್ದಳು.

"ಏನಿಲ್ಲ," ಅಂದಳು.

ಅದಕ್ಕೇ ಕುರ್ಚಿ ಹತ್ತಿದ್ದು. ಅದಕ್ಕೇ ಡಬ್ಬಿಗೆ ಕೈ ಹಾಕಿದ್ದು. ಈಗ ಅದೂ ಕೆಟ್ಟಿತು.

ಕತೆ ಪೀರಿಯಡ್ಡಿಗೆ ಹೆಡ್ ಮೇಡಂ ಬಂದರು. ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್" ಅಂದರು. ಅವರು ಕತ್ತು ಆಡಿಸಿ, ಹಿಂದಿನ ಗೋಡೆಗೆ ಹಾಕಿದ್ದ ಕುರ್ಚಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡರು. ಅವರು ಕೂತರೆ ಗೋಡೆಯ ಗಡಿಯಾರವೂ ಮೆಲ್ಲಗೆ ನಡೆಯುತ್ತದೆ ಅಂತ ಮಕ್ಕಳ ನಂಬಿಕೆ.

ಅಮ್ಮ ಒಳಗೆ ಬಂದಳು. ಗುಂಡಿಗಳು ಸರಿಯಾಗಿದ್ದವು. ತಂದ ಡಬ್ಬಿಯನ್ನು ಟೇಬಲ್ ಮೇಲಿಟ್ಟು, ಡಸ್ಟರ್ ಎತ್ತಿಕೊಂಡಳು. ಬೋರ್ಡಿನ ಮೇಲೆ ಒರೆಸಲು ಏನೂ ಇರಲಿಲ್ಲ.

"ಗುಡ್ ಮಾರ್ನಿಂಗ್ ಮಕ್ಕಳೇ! ನಮ್ಮ ಡಬ್ಬಿಗೆ ಇವತ್ತು ಹಸಿವು ಇಲ್ವಂತೆ. ಹೊಟ್ಟೆ ತುಂಬಾ ಕತೆ ತಿಂದು ಕೂತಿದೆ!"

ಮಕ್ಕಳು ಕಿಸಕ್ಕನೆ ನಕ್ಕರು. ಬುಗುರಿ ನಗಲಿಲ್ಲ. ಆ ಜೋಕನ್ನು ಅವಳು ಬೆಳಿಗ್ಗೆಯೇ ಕೇಳಿದ್ದಳು.

"ಯಾಕೇ ಹಿಂಗೆ ಬೆವರ್ತಿದ್ದೀಯಾ?" ಸೋಡಾಬುಡ್ಡಿ ಪಿಸುಗುಟ್ಟಿದಳು.

"ಸುಮ್ನಿರೇ."

ಅಮ್ಮ ಕಣ್ಣು ಮುಚ್ಚಿ ಡಬ್ಬಿಗೆ ಕೈ ಹಾಕಿದಳು. ಬುಗುರಿ ಉಸಿರು ಹಿಡಿದಳು. ಹಾಳೆ ಹೊರಗೆ ಬಂತು. ನೀಲಿ ಇಂಕು. ಯಾರೋ ತಮ್ಮನ ಸೈಕಲ್ಲನ್ನು ಕೆರೆಗೆ ಬೀಳಿಸಿ, ಗಾಳಿ ಬೀಳಿಸಿತು ಅಂದಿದ್ದರು. ಅಮ್ಮ ಓದಿದಳು. "ಏನು ಕಂಡಿತು?" ಅಂದಳು. ಕೈಗಳು ಮೇಲೆದ್ದವು. ನೀರಲ್ಲಿ ತಿರುಗುವ ಚಕ್ರ ಕಂಡಿತು ಅಂದ ಒಬ್ಬ. ತಮ್ಮನ ಒದ್ದೆ ಚಡ್ಡಿ ಕಂಡಿತು ಅಂದಳು ಇನ್ನೊಬ್ಬಳು.

ಬುಗುರಿ ಗಡಿಯಾರ ನೋಡಿದಳು. ಇನ್ನು ಸ್ವಲ್ಪ ಹೊತ್ತು, ಅಷ್ಟೇ. ಬೆಲ್ಲು ಹೊಡೆದುಬಿಟ್ಟರೆ ಸಾಕು. ಸಂಜೆ ಅಮ್ಮನಿಗೆ ಎಲ್ಲ ಹೇಳಿ, ಕಾಲಿಗೆ ಬೇಕಾದರೂ ಬಿದ್ದು, ಹಾಳೆ ಹರಿದು ಹಾಕುತ್ತೇನೆ. ಬೆಲ್ಲೇ, ಬೇಗ ಹೊಡಿ.

"ಇನ್ನೂ ಟೈಮ್ ಇದೆಯಲ್ಲ," ಹಿಂದಿನಿಂದ ಹೆಡ್ ಮೇಡಂ ಅಂದರು. "ಇನ್ನೊಂದು ಓದಿ."

ಅಮ್ಮ ಮತ್ತೆ ಕಣ್ಣು ಮುಚ್ಚಿದಳು. ಡಬ್ಬಿಯ ಬಾಯಿಯ ಹತ್ತಿರವೇ ಒಂದು ಹಾಳೆ ಮುದುಡಿ ನಿಂತಿತ್ತು. ಬೆಳಿಗ್ಗೆ ಬುಗುರಿ ಮುಷ್ಟಿ ಬಿಟ್ಟಾಗ ಮೇಲೆ ಉಳಿದ ಹಾಳೆ ಇರಬೇಕು. ಅಮ್ಮನ ಬೆರಳು ಅದನ್ನೇ ಹಿಡಿಯಿತು.

ಮೂಲೆಯಲ್ಲಿ ಹಸಿರು ಇಂಕಿನ ಕಲೆ ಇತ್ತು.

ಬುಗುರಿ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಅಮ್ಮ ಹಾಳೆ ಬಿಚ್ಚಿ, ಓದಲು ಬಾಯಿ ತೆರೆದಳು.  ಕಣ್ಣು ಮಾತ್ರ ಸಾಲಿನಿಂದ ಸಾಲಿಗೆ ಓಡಿತು. ಒಂದು ಸಲ ಹಿಂದಿನ ಕುರ್ಚಿಯ ಕಡೆ ನೋಡಿದಳು. ಬುಗುರಿಯ ಕಡೆ ನೋಡಲೇ ಇಲ್ಲ. ನೋಡಿದ್ದರೆ ಬುಗುರಿ ಅಲ್ಲೇ ಅತ್ತುಬಿಡುತ್ತಿದ್ದಳು.

"ಏನಾಯ್ತು ಮೇಡಂ? ಅಕ್ಷರ ಕಾಗೆಕಾಲಾ?" ಲೌಡ್‌ಸ್ಪೀಕರ್ ಕೇಳಿದಳು.

ವಾಪಸ್ ಹಾಕಮ್ಮಾ, ಅಂತ ಬುಗುರಿ ಮನಸ್ಸಿನಲ್ಲೇ ಬೇಡಿಕೊಂಡಳು. ಅಕ್ಷರ ಅರ್ಥ ಆಗ್ತಿಲ್ಲ ಅಂತ ಹೇಳು. ಹರಿದಿದೆ ಅಂತ ಹೇಳು. ಏನಾದರೂ ಒಂದು ಸುಳ್ಳು ಹೇಳು.

"ಇಲ್ಲ," ಅಂದಳು ಅಮ್ಮ. "ಅಕ್ಷರ ಸ್ಪಷ್ಟವಾಗಿದೆ. ಡಬ್ಬಿಗೆ ಬಿದ್ದಿದ್ದು ವಾಪಸ್ ಇಲ್ಲ, ಅಲ್ವಾ?"

"ಇಲ್ಲಾ..." ಅಂತು ಕ್ಲಾಸು ಒಟ್ಟಿಗೆ.

ಅಮ್ಮ ಓದತೊಡಗಿದಳು.

"ನಮ್ಮ ಕತೆ ಮೇಡಂಗೆ ಧೈರ್ಯ ಜಾಸ್ತಿ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ. ಅದು ಸುಳ್ಳು. ಅವರಷ್ಟು ಪುಕ್ಕಲರು ಯಾರೂ ಇಲ್ಲ."

ಯಾರೋ ಹಿ ಹಿ ಅಂದರು. ತಕ್ಷಣ ನಿಲ್ಲಿಸಿದರು.

"ಕ್ಲಾಸ್ ಇರೋ ದಿನ ಬೆಳಿಗ್ಗೆ ಅವರು ಬಾತ್‌ರೂಮಿನ ಕನ್ನಡಿ ಮುಂದೆ ನಿಂತು 'ಗುಡ್ ಮಾರ್ನಿಂಗ್ ಮಕ್ಕಳೇ' ಅಂತ ಪ್ರಾಕ್ಟೀಸ್ ಮಾಡ್ತಾರೆ. ಒಂದ್ಸಲ ಜೋರಾಗಿ, ಒಂದ್ಸಲ ಮೆಲ್ಲಗೆ. ಜೋಕನ್ನೂ ಪ್ರಾಕ್ಟೀಸ್ ಮಾಡ್ತಾರೆ. ನೀವು ಇಲ್ಲಿ ನಕ್ಕ ಜೋಕನ್ನೆಲ್ಲ ಆ ಕನ್ನಡಿ ಮೊದಲೇ ಕೇಳಿರುತ್ತೆ. ಕನ್ನಡಿ ಒಂದ್ಸಲಾನೂ ನಕ್ಕಿಲ್ಲ. ತಿಂಡಿ ತಿಂದ್ರೆ ವಾಂತಿ ಬರುತ್ತೆ ಅಂತ ಖಾಲಿ ಹೊಟ್ಟೇಲಿ ಬರ್ತಾರೆ. ಅವರ ಕೈ ನಡುಗುತ್ತೆ. ಅದು ಕಾಣಬಾರದು ಅಂತ ಯಾವಾಗ್ಲೂ ಡಸ್ಟರ್ ಹಿಡ್ಕೊಂಡಿರ್ತಾರೆ."

ಕ್ಲಾಸಿನ ಎಲ್ಲ ಕಣ್ಣುಗಳೂ ಅಮ್ಮನ ಕೈಗೆ ಹೋದವು. ಅಮ್ಮನೂ ತನ್ನ ಕೈ ನೋಡಿಕೊಂಡಳು. ಡಸ್ಟರ್ ಅಲ್ಲೇ ಇತ್ತು. ಅವಳು ಅದನ್ನು ಮೆಲ್ಲಗೆ ಟೇಬಲ್ ಮೇಲೆ ಇಟ್ಟಳು. ಈಗ ಎರಡೂ ಕೈಯಲ್ಲಿ ಹಾಳೆ ಹಿಡಿದಳು. ಹಾಳೆ ಪಟಪಟ ನಡುಗುತ್ತಿತ್ತು. ಕೊನೆಯ ಬೆಂಚಿಗೂ ಆ ಸದ್ದು ಕೇಳುತ್ತಿತ್ತು.

ಮುಂದಿನ ಸಾಲು ಬುಗುರಿಗೆ ಬಾಯಿಪಾಠವಾಗಿತ್ತು. 'ಇದನ್ನೆಲ್ಲ ಅವರ ಮಗಳು ಬಾಗಿಲ ಸಂದಿಯಿಂದ ನೋಡ್ತಾಳೆ. ನೋಡಿ ನಗ್ತಾಳೆ.' ಅದನ್ನು ಓದಿದರೆ ಮುಗಿಯಿತು. ಅಮ್ಮನನ್ನು ಬೀದಿಗೆ ಎಳೆದ ಮಗಳು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹೆಡ್ ಮೇಡಂಗೂ.

"ಇದನ್ನೆಲ್ಲ ಅವರ..." ಅಮ್ಮ ನಿಲ್ಲಿಸಿದಳು.  "ಅವರ ಮನೆ ಬೆಕ್ಕು ಬಾಗಿಲ ಸಂದಿಯಿಂದ ನೋಡುತ್ತೆ. ನೋಡಿ ನಗುತ್ತೆ."

ಬುಗುರಿ ತಲೆಯೆತ್ತಿದಳು.

ಅವರ ಮನೆಯಲ್ಲಿ ಬೆಕ್ಕಿರಲಿಲ್ಲ. ಯಾವತ್ತೂ ಇರಲಿಲ್ಲ. ಬೆಕ್ಕಿನ ಕೂದಲಿಗೆ ಅಪ್ಪನಿಗೆ ಸೀನು ಬರುತ್ತದೆ. ಅದು ಸೋಡಾಬುಡ್ಡಿಗೂ ಗೊತ್ತಿತ್ತು. ಅವಳು ದಪ್ಪ ಕನ್ನಡಕದೊಳಗಿನಿಂದ ಬುಗುರಿಯನ್ನು ಒಮ್ಮೆ ನೋಡಿದಳು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಮುಂದೆ ನೋಡತೊಡಗಿದಳು.

"ಕೊನೇ ಸಾಲು," ಅಂದಳು ಅಮ್ಮ. "ಬೇರೆಯವರ ಹೆದರಿಕೆನ ಕತೆ ಮಾಡೋರು ಮೊದಲು ತಮ್ಮ ಹೆದರಿಕೆನ ಎಲ್ಲರ ಮುಂದೆ ಹೇಳಲಿ ನೋಡೋಣ."

ಹಾಳೆಯನ್ನು ಮಡಿಚಿದಳು. ಸ್ವಲ್ಪ ಹೊತ್ತು ಆ ಮಡಿಕೆಯನ್ನೇ ಉಗುರಿನಿಂದ ತೀಡಿದಳು.

"ಬೆಕ್ಕನ್ನ ಬಿಟ್ರೆ ಇದ್ರಲ್ಲಿರೋದೆಲ್ಲ ನಿಜ," ಅಂದಳು. "ಈಗ ಹೇಳಿ. ಏನು ಕಂಡಿತು?"

 ಹಿಂದೆ ಹೆಡ್ ಮೇಡಂ ಕುರ್ಚಿ ಕಿರ್ ಅಂತು. ಬುಗುರಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹೋಯಿತು. ಅಮ್ಮನ ಕೆಲಸ ಹೋಯಿತು. ಮುಂದಿನ ವಾರದಿಂದ ಗಣಿತ.

ಸೋಡಾಬುಡ್ಡಿ ಮೊದಲು ಕೈ ಎತ್ತಿದಳು. "ನಂಗೆ ಡಸ್ಟರ್ ಕಂಡಿತು ಮೇಡಂ. ಒರೆಸೋಕಲ್ಲ, ಹಿಡ್ಕೊಳ್ಳೋಕೆ ಇರೋ ಡಸ್ಟರ್."

"ನಂಗೆ ನಗದೇ ಇರೋ ಕನ್ನಡಿ."

"ನಂಗೆ ಖಾಲಿ ತಟ್ಟೆ ಮೇಡಂ."

"ಮೇಡಂ, ನಂಗೂ ಓದೋಕೆ ನಿಂತ್ರೆ ವಾಂತಿ ಬರೋ ಹಾಗಾಗುತ್ತೆ." ಹಿಂದಿನ ಬೆಂಚಿನ, ಎಂದೂ ಬಾಯಿ ಬಿಡದ ಹುಡುಗನೊಬ್ಬ ಹಾಗಂದ. ಅಂದವನೇ ಕೆಂಪಾಗಿ ಕೂತುಬಿಟ್ಟ. ಯಾರೂ ನಗಲಿಲ್ಲ.

ಲೌಡ್‌ಸ್ಪೀಕರ್ ಬೆಂಚು ಕುಟ್ಟಿದಳು. "ನಂಗೊತ್ತಾಯ್ತು! ನಂಗೊತ್ತಾಯ್ತು! ಇದನ್ನ ಬರ್ದಿದ್ದು ನೀವೇ ಮೇಡಂ! ನೀವೇ ಬರ್ದು, ನೀವೇ ಡಬ್ಬಿಗೆ ಹಾಕಿದ್ದೀರ! ನೋಡಿದ ಬೆಕ್ಕೇ ಸುಳ್ಳು ಅಂದ್ಮೇಲೆ ಇನ್ಯಾರಿಗೆ ಗೊತ್ತಿರುತ್ತೆ ಹೇಳಿ?"

"ಹೌದಲ್ವಾ!" ಅಂತು ಕ್ಲಾಸು.

"ಡಬ್ಬಿ ರೂಲ್," ಅಂದಳು ಅಮ್ಮ. "ಯಾರು ಅಂತ ಕೇಳೋ ಹಾಗಿಲ್ಲ."

"ಸರಿ, ಕೇಳಲ್ಲ. ಆದ್ರೆ ಬೆಕ್ಕು ನಗಲ್ಲ ಮೇಡಂ! ಅದೊಂದು ತಪ್ಪು."

ಅಮ್ಮ ಮಡಿಚಿದ ಹಾಳೆಯನ್ನು ಮತ್ತೆ ಬಿಚ್ಚಿ ನೋಡಿದಳು. 

ಬುಗುರಿಗೆ ತಾನು ಯಾವಾಗ ಎದ್ದು ನಿಂತೆ ಎಂದು ತಿಳಿಯಲಿಲ್ಲ. ಹಿಂದಿನಿಂದ ಮೆಲ್ಲಗೆ ಒಂದು "ಜ್ವಾಂಯ್" ಬಂತು. ಅವಳು ತಿರುಗಲಿಲ್ಲ.

"ನಂಗೆ ಬೆಕ್ಕು ಕಂಡಿತು," ಅಂದಳು.  "ಅದು ನಗಲಿಲ್ಲ ಮೇಡಂ. ಹೊರಗಿಂದ ನೋಡಿದೋರಿಗೆ ನಕ್ಕ ಹಾಗೆ ಕಾಣುತ್ತೆ, ಅಷ್ಟೇ. ಅದಕ್ಕೂ ಹೆದರಿಕೆ ಆಗಿತ್ತು. ಒಳಗೆ ಹೋಗ್ಲಾ, ಬೇಡ್ವಾ ಅಂತ ಗೊತ್ತಾಗ್ದೆ ಬಾಗಿಲಲ್ಲೇ ನಿಂತಿತ್ತು."

ಅಮ್ಮ ಆಗ ಅವಳನ್ನು ನೋಡಿದಳು. ಆ ಪೀರಿಯಡ್ಡಿನಲ್ಲಿ ಮೊದಲ ಸಲ.

"ಹಾಗಿದ್ರೆ ಕತೇಲಿ ಅದನ್ನ ತಿದ್ದಬೇಕು," ಅಂದಳು.

"ಹೂಂ ಮೇಡಂ."

ಬೆಲ್ಲು ಹೊಡೆಯಿತು. ಯಾರೂ ಏಳಲಿಲ್ಲ. ಹೆಡ್ ಮೇಡಂ ಕೂತಲ್ಲೇ ಮುಂದಿನ ಬೆಂಚಿನ ಹುಡುಗನ ಬೆನ್ನು ತಟ್ಟಿ, "ಒಂದು ಹಾಳೆ ಕೊಡು ಮರಿ, ಪೆನ್ನೂ ಕೊಡು," ಅಂದರು. ತೊಡೆಯ ಮೇಲೆ ಇಟ್ಟುಕೊಂಡು ಏನೋ ಗೀಚಿದರು. ಬರೆಯುತ್ತ ಬರೆಯುತ್ತ ಒಂದು ಸಲ ಹುಬ್ಬು ಗಂಟಿಕ್ಕಿದರು, ಒಂದು ಸಲ ಬಾಗಿಲ ಕಡೆ ನೋಡಿದರು. ರೂಲಿನ ಪ್ರಕಾರವೇ ಮಡಿಚಿದರು. ಎದ್ದು ಬಂದು ಡಬ್ಬಿಗೆ ಹಾಕಿದರು.

"ಮುಂದಿನ ಶುಕ್ರವಾರ ನನ್ನದೇ ಬರಲಿ ಅಂತ ಕಾಯ್ತಿರಬೇಡಿ," ಅಂದರು ಗಂಭೀರವಾಗಿ. "ಬರದಿದ್ರೇನೇ ಒಳ್ಳೇದು."

ಅಮ್ಮ ತಲೆಯಾಡಿಸಿದಳು.  ಮುಂದಿನ ಶುಕ್ರವಾರ ಅಂದರು ಅನ್ನುವುದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬುಗುರಿಗೆ ಕೂಡಲೇ ತಿಳಿಯಿತು. ಅವಳು ಡೆಸ್ಕಿನ ಮೇಲೆ ತಲೆಯಿಟ್ಟು, ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡಳು.

ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದರು. ಹೊಲಿಗೆ ಅಂಗಡಿ ದಾಟಿದರು. ಸೈಕಲ್ ರಿಪೇರಿ ಅಂಗಡಿ ದಾಟಿದರು.  ಬೇಕರಿಯ ವಾಸನೆ ಬರುವ ತಿರುವಿನಲ್ಲಿ ಅಮ್ಮ ನಿಂತಳು.

"ಹುಡುಗ ಅಂತ ಬದಲಾಯಿಸಿದ್ದು ಸಾಲದಾಗಿತ್ತು ಕಣೇ," ಅಂದಳು.

"ಮತ್ತೇನು ಮಾಡ್ಬೇಕಿತ್ತು?"

"ಮೊದಲು ನಿನ್ನ ಕೇಳ್ಬೇಕಿತ್ತು."

ಬುಗುರಿ ಚಪ್ಪಲಿಯ ತುದಿಯಿಂದ ಒಂದು ಕಲ್ಲನ್ನು ತಳ್ಳಿದಳು. "ನಾನೂ ಕೇಳ್ಲಿಲ್ಲ," ಅಂದಳು.

"ಅಕ್ಷರ ಮಾತ್ರ ಚೆನ್ನಾಗಿತ್ತು. ಒಂದೂ ತಪ್ಪಿರಲಿಲ್ಲ."

"ಅಮ್ಮಾ!"

ಅಮ್ಮ ನಕ್ಕಳು. ಇದನ್ನು ಕನ್ನಡಿಯ ಮುಂದೆ ಪ್ರಾಕ್ಟೀಸ್ ಮಾಡಿರಲಿಲ್ಲ.

ಮತ್ತೆ ಶುಕ್ರವಾರ ಬಂತು. ಬೆಳಿಗ್ಗೆ ಮನೆಯಲ್ಲಿ ಬುಗುರಿ ಬಾತ್‌ರೂಮಿಗೆ ಹೋದಳು. ಒಂದು ಕಾಲು ಹೊರಗಿಟ್ಟು, ಕೈ ಚಾಚಿ ಫ್ಲಶ್ ಒತ್ತಿ, ಹಾರಿ ಓಡಿ ಬಂದಳು. ಅದೇನೂ ಬದಲಾಗಿರಲಿಲ್ಲ.

ಆಮೇಲೆ ಅಮ್ಮ ಒಳಗೆ ಹೋದಳು. ಆ ಬಾತ್‌ರೂಮ್ ಬಾಗಿಲು ನೀರು ಕುಡಿದು ಊದಿಕೊಂಡಿತ್ತು. ಎಷ್ಟು ತಳ್ಳಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ.

"ಗುಡ್ ಮಾರ್ನಿಂಗ್ ಮಕ್ಕಳೇ," ಅಂದಳು ಅಮ್ಮ ಜೋರಾಗಿ. ಆಮೇಲೆ ಮೆಲ್ಲಗೆ, "ಗುಡ್ ಮಾರ್ನಿಂಗ್ ಮಕ್ಕಳೇ."

ಬುಗುರಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅಮ್ಮನ ಕೈ ಸಿಂಕಿನ ಅಂಚಿನ ಮೇಲೆ ನಡುಗುತ್ತಿರುವುದು ಕಾಣುತ್ತಿತ್ತು. ಎಷ್ಟೋ ಶುಕ್ರವಾರ ಅವಳು ಇಲ್ಲೇ ನಿಂತು ನೋಡಿದ್ದಳು. ನೋಡಿ, ಕಾಲಿನ ಸದ್ದಾಗದ ಹಾಗೆ ವಾಪಸ್ ಹೋಗಿದ್ದಳು.

"ಮ್ಯಾಂವ್," ಅಂದಳು.

ಕನ್ನಡಿಯಲ್ಲಿ ಅಮ್ಮನ ಕಣ್ಣು ಅರಳಿತು.

ಬುಗುರಿ ಬಾಗಿಲು ತಳ್ಳಿ ಒಳಗೆ ಬಂದಳು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. ಸುತ್ತ ನೋಡಿ, ಕೈಗೆ ಸಿಕ್ಕ ಸೋಪಿನ ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಅದನ್ನು ಡಸ್ಟರಿನ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನೊಂದ್ಸಲ ಹೇಳಮ್ಮಾ," ಅಂದಳು ಬುಗುರಿ. "ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ."